ಸಂಶಯವೂ ಸಾಕ್ಷ್ಯವೂ

ವಿಶಾಖಪಟ್ಟಣದ ಉತ್ತರಭಾಗದಲ್ಲಿರುವ ಮಧುರವಾಡದಿಂದ ಋಷಿಕೊಂಡದ ಕಡೆಗೆ ಇಳಿದು ಹೋದರೆ ಬಂಗಾಳ ಕೊಲ್ಲಿಯ ವಿಶಾಲವಾದ ಜಲರಾಶಿಯು ಕಣ್ಣಿಗೆ ಬೀಳುತ್ತದೆ. ವಿಹಾರಕ್ಕೆಂದು ಬಂದವರಿಗೆ ಅದು ಕೇವಲ ಅಲೆಗಳ ಆಟ. ಆದರೆ ಆ ತೀರವು ರಾಷ್ಟ್ರದ ರಹಸ್ಯಗಳನ್ನು ಕಾಯುವ ತೀರವೂ ಹೌದು. ವಿಶಾಖಪಟ್ಟಣದಲ್ಲಿ ನಮ್ಮ ನೌಕಾಪಡೆಯ ಪೂರ್ವ ವಿಭಾಗದ ಮುಖ್ಯ ಕಚೇರಿಯಿದೆ. ಅದೇ ಕರಾವಳಿಯನ್ನು ಹಿಡಿದು ದಕ್ಷಿಣಕ್ಕೆ ಸಾಗಿದರೆ, ಆಂಧ್ರಪ್ರದೇಶದ ಅಂಚಿನಲ್ಲಿ, ನಮ್ಮ ಉಪಗ್ರಹಗಳನ್ನು ಹೊತ್ತ ರಾಕೆಟ್ಟುಗಳು ಮೇಲೇರುವ ಶ್ರೀಹರಿಕೋಟೆಯಿದೆ. ಒಂದು ಕಡೆ ಹಡಗುಗಳು, ಇನ್ನೊಂದು ಕಡೆ ರಾಕೆಟ್ಟುಗಳು. ಎರಡರ ವಿಷಯದಲ್ಲಿಯೂ ಪರರಾಷ್ಟ್ರಗಳಿಗೆ ಕುತೂಹಲವಿರುವುದು ಸಹಜವೇ.

ರಹಸ್ಯವನ್ನು ಕಾಪಾಡುವುದರಿಂದ ದೇಶಕ್ಕೆ ಆಗುವ ಪ್ರಯೋಜನವೇನೆಂಬುದಕ್ಕೆ ಇದೇ ಕಡಲು ಸಾಕ್ಷಿಯಾಗಿದೆ. 1971ರ ಡಿಸೆಂಬರಿನಲ್ಲಿ ಪಾಕಿಸ್ತಾನದ ‘ಘಾಜಿ’ ಎಂಬ ಜಲಾಂತರ್ಗಾಮಿ ನೌಕೆಯು ನಮ್ಮ ‘ವಿಕ್ರಾಂತ್’ ಎಂಬ ಯುದ್ಧನೌಕೆಯನ್ನು ಅರಸುತ್ತ ವಿಶಾಖಪಟ್ಟಣದ ಸಮೀಪಕ್ಕೆ ಬಂದು ಅಲ್ಲಿಯೇ ಮುಳುಗಿತು. ವಿಕ್ರಾಂತವಾದರೋ ಆಗ ದೂರದ ಅಂಡಮಾನ್ ದ್ವೀಪಗಳ ಕಡೆ ಸುರಕ್ಷಿತವಾಗಿತ್ತು. ಅದು ಎಲ್ಲಿದೆಯೆಂಬ ಗುಟ್ಟು ಬಯಲಾಗಿದ್ದರೆ ಕಥೆಯು ಬೇರೆಯಾಗುತ್ತಿದ್ದಿತು. ಆದುದರಿಂದ ಗುಟ್ಟನ್ನು ಹೊರಗೆ ಮಾರುವವನು ದೇಶದ್ರೋಹಿ. ಅವನಿಗೆ ಶಿಕ್ಷೆಯಾಗಬೇಕಾದುದು ನ್ಯಾಯ. 1923ನೆಯ ಇಸವಿಯ ಸರ್ಕಾರೀ ರಹಸ್ಯಗಳ ಕಾಯಿದೆಯು ಇದಕ್ಕಾಗಿಯೇ ಹುಟ್ಟಿದುದು. ಅದು ಸ್ವತಂತ್ರ ಭಾರತದಲ್ಲಿಯೂ ಮುಂದುವರಿಯಿತು. ಬೇಹುಗಾರಿಕೆಯ ಭಯವು ಹುಸಿಯಾದುದೆಂದು ಯಾರೂ ಹೇಳಲಾರರು. 2019ರ ಡಿಸೆಂಬರಿನಲ್ಲಿ ನೌಕಾಪಡೆಯ ಏಳು ಮಂದಿಯನ್ನು ಇಂತಹ ಆಪಾದನೆಯ ಮೇಲೆ ಬಂಧಿಸಿದಾಗ ವಿಶಾಖಪಟ್ಟಣದ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಕಾಣಿಸಿಕೊಂಡಿತು.

ಭಯವು ನಿಜವಾದುದು ಎಂಬ ಮಾತ್ರಕ್ಕೆ ಯಾರ ಮೇಲೆ ನಮಗೆ ಸಂಶಯವುಂಟಾಗುತ್ತದೆಯೋ ಅವರೆಲ್ಲರೂ ಬೇಹುಗಾರರೆಂದು ಹೇಳಬಹುದೆ? ಸಂಶಯಕ್ಕೂ ಸಾಕ್ಷ್ಯಕ್ಕೂ ಇರುವ ದೂರವೆಷ್ಟು? ಆ ದೂರವನ್ನು ಮರೆತರೆ ಆಗುವ ಹಾನಿ ಯಾವುದು? ನಮ್ಮ ದೇಶದ ಒಬ್ಬ ಸರ್ಕಾರೀ ವಿಜ್ಞಾನಿಯ ಬಾಳಿನಲ್ಲಿ ನಡೆದ ಸಂಗತಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಇಲ್ಲಿ ವಿಚಾರಮಾಡೋಣ.

ಆ ವಿಜ್ಞಾನಿಯ ಹೆಸರು ಎಸ್. ನಂಬಿ ನಾರಾಯಣನ್. ಅವರು 1941ರಲ್ಲಿ ನಾಗರಕೋವಿಲಿನಲ್ಲಿ ಹುಟ್ಟಿ, ಮಧುರೆಯಲ್ಲಿ ಎಂಜಿನಿಯರಿಂಗ್ ವ್ಯಾಸಂಗವನ್ನು ಮುಗಿಸಿ, 1966ರಲ್ಲಿ ತಿರುವನಂತಪುರದ ಬಳಿಯ ತುಂಬಾ ರಾಕೆಟ್ ಕೇಂದ್ರವನ್ನು ಸೇರಿದರು. ಆಗ ನಮ್ಮ ಬಾಹ್ಯಾಕಾಶ ಕಾರ್ಯವು ತೊಟ್ಟಿಲ ಕೂಸು. ವಿಕ್ರಮ ಸಾರಾಭಾಯಿಯವರು ಅದರ ಪೋಷಕರು. ನಾರಾಯಣನ್ ಅವರು ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯಕ್ಕೆ ಹೋಗಿ ದ್ರವ ಇಂಧನದ ರಾಕೆಟ್ಟುಗಳ ವಿಷಯವನ್ನು ಕಲಿತು ಹಿಂದಿರುಗಿದರು. ಪರದೇಶದಲ್ಲಿ ಉದ್ಯೋಗ ಹಿಡಿದು ನಿಲ್ಲುವುದಕ್ಕೆ ಅವರಿಗೆ ಅವಕಾಶವಿದ್ದರೂ ಸ್ವದೇಶದ ಕೆಲಸವನ್ನೇ ಆರಿಸಿಕೊಂಡರು.

ದ್ರವ ಇಂಧನದ ಮಹತ್ತ್ವವೇನು? ದೀಪಾವಳಿಯ ಬಾಣವನ್ನು ನಾವೆಲ್ಲರೂ ಕಂಡಿದ್ದೇವೆ. ಅದರಲ್ಲಿರುವುದು ಘನ ಇಂಧನ. ಒಮ್ಮೆ ಹೊತ್ತಿತೆಂದರೆ ಮುಗಿಯುವವರೆಗೂ ಉರಿಯುತ್ತದೆ, ನಡುವೆ ತಡೆಯುವಂತಿಲ್ಲ. ದ್ರವ ಇಂಧನವನ್ನಾದರೋ ನಲ್ಲಿಯ ನೀರಿನಂತೆ ಹೆಚ್ಚು ಕಡಿಮೆ ಮಾಡಬಹುದು, ಬೇಕಾದಾಗ ನಿಲ್ಲಿಸಬಹುದು. ಭಾರವಾದ ಉಪಗ್ರಹವನ್ನು ಗೊತ್ತಾದ ಕಕ್ಷೆಯಲ್ಲಿ ಕರಾರುವಾಕ್ಕಾಗಿ ಇಡಬೇಕಾದರೆ ಇಂತಹ ಹಿಡಿತವು ಅಗತ್ಯ. ಈ ವಿದ್ಯೆಯನ್ನು ಸಂಪಾದಿಸುವುದಕ್ಕಾಗಿ ನಮ್ಮ ಬಾಹ್ಯಾಕಾಶ ಸಂಸ್ಥೆಯು 1974ರಲ್ಲಿ ಫ್ರಾನ್ಸಿನೊಡನೆ ಒಪ್ಪಂದ ಮಾಡಿಕೊಂಡಿತು. ನಮ್ಮ ಎಂಜಿನಿಯರುಗಳ ತಂಡವೊಂದು ಫ್ರಾನ್ಸಿನ ವೆರ್ನಾನ್ ಎಂಬ ಊರಿನಲ್ಲಿ ಕೆಲಸ ಮಾಡಿತು. ಆ ತಂಡದ ಮುಂದಾಳುಗಳಲ್ಲಿ ನಾರಾಯಣನ್ ಒಬ್ಬರು. ಅಲ್ಲಿ ಕಲಿತುದರ ಫಲವೇ ‘ವಿಕಾಸ್’ ಎಂಬ ಎಂಜಿನು. ಮುಂದೆ 2008ರಲ್ಲಿ ಚಂದ್ರಯಾನವನ್ನೂ 2013ರಲ್ಲಿ ಮಂಗಳಯಾನವನ್ನೂ ಹೊತ್ತೊಯ್ದ ಪಿ.ಎಸ್.ಎಲ್.ವಿ. ರಾಕೆಟ್ಟುಗಳ ಎರಡನೆಯ ಹಂತದಲ್ಲಿ ಉರಿದುದು ಇದೇ ಎಂಜಿನು.

ಇದಕ್ಕಿಂತಲೂ ಕಠಿಣವಾದ ಇನ್ನೊಂದು ವಿದ್ಯೆಯುಂಟು. ಅದಕ್ಕೆ ಕ್ರಯೋಜೆನಿಕ್ ಅಥವಾ ಅತಿಶೀತ ವಿದ್ಯೆಯೆಂದು ಹೆಸರು. ಜಲಜನಕವು ಸೊನ್ನೆಗಿಂತ 253 ಡಿಗ್ರಿ ಸೆಲ್ಸಿಯಸ್ ಕೆಳಕ್ಕೂ, ಆಮ್ಲಜನಕವು 183 ಡಿಗ್ರಿ ಕೆಳಕ್ಕೂ ಇಳಿದಾಗ ದ್ರವವಾಗುತ್ತವೆ. ಇಷ್ಟು ತಣ್ಣನೆಯ ದ್ರವಗಳನ್ನು ತೊಟ್ಟಿಯಲ್ಲಿಟ್ಟು, ಪಂಪಿನಿಂದ ನೂಕಿ, ಪಕ್ಕದಲ್ಲಿಯೇ ಸಾವಿರಾರು ಡಿಗ್ರಿ ಕಾವಿನಲ್ಲಿ ಉರಿಸಬೇಕು. ಲೋಹವು ಬಿರಿಯಬಾರದು, ಸಂದು ಸೋರಬಾರದು. ಇದನ್ನು ಬಲ್ಲ ದೇಶಗಳು ಆಗ ಬೆರಳೆಣಿಕೆಯಷ್ಟು. 1991ರಲ್ಲಿ ಭಾರತವು ರಷ್ಯದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯಿಂದ ಈ ಎಂಜಿನುಗಳನ್ನೂ ಅವುಗಳನ್ನು ಕಟ್ಟುವ ವಿದ್ಯೆಯನ್ನೂ ಪಡೆಯುವ ಒಪ್ಪಂದ ಮಾಡಿಕೊಂಡಿತು. ಅಮೆರಿಕವು ಅದನ್ನು ಬಲವಾಗಿ ಆಕ್ಷೇಪಿಸಿ 1992ರಲ್ಲಿ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹೇರಿತು. 1993ರಲ್ಲಿ ರಷ್ಯವು ವಿದ್ಯೆಯನ್ನು ಕೊಡುವುದನ್ನು ಕೈಬಿಟ್ಟು ಎಂಜಿನುಗಳನ್ನು ಮಾತ್ರ ಕೊಡಲು ಒಪ್ಪಿತು. ಇನ್ನು ಆ ವಿದ್ಯೆಯನ್ನು ನಾವೇ ಕಷ್ಟಪಟ್ಟು ಗಳಿಸಬೇಕಾಯಿತು. ಆ ಕಾರ್ಯದ ಹೊಣೆಯನ್ನು ಹೊತ್ತವರು ನಂಬಿ ನಾರಾಯಣನ್.

1994ರ ಅಕ್ಟೋಬರ್ 15ರಂದು ಶ್ರೀಹರಿಕೋಟೆಯಿಂದ ಹಾರಿದ ಪಿ.ಎಸ್.ಎಲ್.ವಿ. ರಾಕೆಟ್ಟು ಮೊದಲ ಬಾರಿಗೆ ಯಶಸ್ಸನ್ನು ಪಡೆಯಿತು. ವಿಕಾಸ್ ಎಂಜಿನು ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದಿತು. ದೇಶವೆಲ್ಲ ಹರ್ಷಪಟ್ಟಿತು. ಆ ದಿನಕ್ಕೆ ಸರಿಯಾಗಿ ಒಂದೂವರೆ ತಿಂಗಳು ಕಳೆಯುವಷ್ಟರಲ್ಲಿ, ನವೆಂಬರ್ 30ರಂದು, ಆ ಎಂಜಿನಿಗಾಗಿ ದುಡಿದ ನಾರಾಯಣನ್ ಅವರನ್ನು ಪೋಲೀಸರು ಮನೆಗೆ ಬಂದು ಬಂಧಿಸಿದರು.

ನಡೆದುದಾದರೂ ಏನು? ಮಾಲ್ಡೀವ್ ದ್ವೀಪಗಳ ಒಬ್ಬ ಮಹಿಳೆ ತಿರುವನಂತಪುರಕ್ಕೆ ಬಂದಿದ್ದರು. ಪರವಾನಗಿಯ ಅವಧಿ ಮುಗಿದ ಮೇಲೂ ಭಾರತದಲ್ಲಿ ಉಳಿದರೆಂದು ಅಕ್ಟೋಬರ್ 20ರಂದು ಅವರನ್ನು ಬಂಧಿಸಲಾಯಿತು. ಅದು ವಾಸ್ತವ್ಯದ ಕಾಗದಪತ್ರಗಳಿಗೆ ಸಂಬಂಧಿಸಿದ ಆಪಾದನೆ. ಅವರಿಗೂ ಬಾಹ್ಯಾಕಾಶ ಸಂಸ್ಥೆಯ ಡಿ. ಶಶಿಕುಮಾರನ್ ಎಂಬ ವಿಜ್ಞಾನಿಗೂ ಪರಿಚಯವಿದ್ದುದು ತನಿಖೆಯಲ್ಲಿ ಕಂಡುಬಂದಿತು. ಪರಿಚಯದಿಂದ ಸಂಶಯವು ಹುಟ್ಟಿತು. ಸಂಶಯದಿಂದ ಕಥೆಯು ಬೆಳೆಯಿತು. ನವೆಂಬರ್ ತಿಂಗಳಿನಲ್ಲಿ ಬೇಹುಗಾರಿಕೆಯ ಮೊಕದ್ದಮೆಯೇ ದಾಖಲಾಯಿತು. ರಾಕೆಟ್ಟಿನ ರಹಸ್ಯಗಳನ್ನು ಪಾಕಿಸ್ತಾನಕ್ಕೆ ಮಾರಿದರೆಂಬುದು ಆಪಾದನೆ. ಮಾಲ್ಡೀವಿನ ಇಬ್ಬರು ಮಹಿಳೆಯರು, ನಾರಾಯಣನ್ ಮತ್ತು ಶಶಿಕುಮಾರನ್ ಎಂಬ ಇಬ್ಬರು ವಿಜ್ಞಾನಿಗಳು, ಇವರೊಡನೆ ನಮ್ಮ ಬೆಂಗಳೂರಿನ ಇಬ್ಬರು, ಹೀಗೆ ಆರು ಮಂದಿ ಆಪಾದಿತರಾದರು. ಬೆಂಗಳೂರಿನವರಲ್ಲಿ ಒಬ್ಬರು ರಷ್ಯದ ಗ್ಲಾವ್‌ಕಾಸ್ಮಾಸ್ ಸಂಸ್ಥೆಯ ಭಾರತದ ಪ್ರತಿನಿಧಿಯಾಗಿದ್ದ ಕೆ. ಚಂದ್ರಶೇಖರ್, ಇನ್ನೊಬ್ಬರು ಎಸ್. ಕೆ. ಶರ್ಮ ಎಂಬ ಗುತ್ತಿಗೆದಾರರು.

ಆಗಿನ ವರ್ತಮಾನಪತ್ರಿಕೆಗಳನ್ನು ತೆರೆದರೆ ದಿನಕ್ಕೊಂದು ಹೊಸ ಕಥೆ. ನ್ಯಾಯಾಲಯವು ಇನ್ನೂ ಬಾಯಿ ತೆರೆಯುವ ಮೊದಲೇ ಜನರು ತೀರ್ಪನ್ನು ಹೇಳಿಬಿಟ್ಟರು. ರಾಜಕೀಯ ಪಕ್ಷಗಳೂ ಆ ಬೆಂಕಿಯಲ್ಲಿ ಚಳಿ ಕಾಯಿಸಿಕೊಂಡವು. ಆ ಗದ್ದಲದ ನಡುವೆ 1995ರ ಮಾರ್ಚಿಯಲ್ಲಿ ಕೇರಳದ ಮುಖ್ಯಮಂತ್ರಿ ಕೆ. ಕರುಣಾಕರನ್ ಅವರು ಅಧಿಕಾರವನ್ನು ಬಿಟ್ಟರು. ನಾರಾಯಣನ್ ಅವರು ಐವತ್ತು ದಿನಗಳನ್ನು ಬಂಧನದಲ್ಲಿ ಕಳೆದರು. ವಿಚಾರಣೆಯ ಕಾಲದಲ್ಲಿ ತಮ್ಮನ್ನು ಹೊಡೆದರೆಂದೂ, ಕುಳಿತುಕೊಳ್ಳಲು ಬಿಡದೆ ಬಹಳ ಹೊತ್ತು ನಿಲ್ಲಿಸಿದರೆಂದೂ ಅವರು ಅನಂತರ ಹೇಳಿದ್ದಾರೆ. ಮನೆಯಲ್ಲಿದ್ದ ಹೆಂಡತಿ ಮಕ್ಕಳು ‘ದ್ರೋಹಿಯ ಮನೆಯವರು’ ಎನಿಸಿಕೊಂಡರು. ಸುಮಾರು ಮೂವತ್ತು ವರ್ಷಗಳ ಸೇವೆಯಿಂದ ಗಳಿಸಿದ ಹೆಸರು ಮೂವತ್ತು ದಿನಗಳೊಳಗೆ ಮಣ್ಣುಪಾಲಾಯಿತು.

ಇಲ್ಲಿ ನಾವು ಒಂದು ಗಳಿಗೆ ನಿಂತು, ತನಿಖೆ ಮಾಡುವವನು ಕೇಳಬೇಕಾದ ಪ್ರಶ್ನೆಗಳು ಯಾವುವೆಂದು ಆಲೋಚಿಸೋಣ. ಒಂದು ವಸ್ತುವನ್ನು ಮಾರಿದರೆಂದು ಹೇಳುವುದಾದರೆ, ಮೊದಲನೆಯದಾಗಿ, ಮಾರುವುದಕ್ಕೆ ಆ ವಸ್ತುವು ಮಾರುವವನ ಬಳಿ ಇರಬೇಕು. ಎರಡನೆಯದಾಗಿ, ಅದು ಇದ್ದ ಸ್ಥಳದಿಂದ ಹೊರಗೆ ಹೋದುದಕ್ಕೆ ಗುರುತಿರಬೇಕು. ಮೂರನೆಯದಾಗಿ, ಅದರ ಬೆಲೆಯು ಯಾರದಾದರೂ ಕೈಸೇರಿರಬೇಕು. ನಾಲ್ಕನೆಯದಾಗಿ, ಹೇಳಿಕೆಗಳು ಒಂದಕ್ಕೊಂದು ಹೊಂದಿಕೊಳ್ಳಬೇಕು. ಕ್ರಯೋಜೆನಿಕ್ ವಿದ್ಯೆಯ ವಿಷಯಕ್ಕೆ ಮೊದಲನೆಯ ಪ್ರಶ್ನೆಯನ್ನು ಹಾಕಿದರೆ ಸಾಕು, ಕಥೆಯ ಬುಡವೇ ಅಲುಗಾಡುತ್ತದೆ. 1994ರಲ್ಲಿ ಆ ವಿದ್ಯೆಯು ನಮ್ಮ ಕೈಸೇರಿರಲೇ ಇಲ್ಲ. ರಷ್ಯವು ಅದನ್ನು ಕೊಡಲೊಲ್ಲೆನೆಂದು ಹೇಳಿ ಒಂದು ವರ್ಷವಾಗಿದ್ದಿತು. ನಮ್ಮ ಕಣಜದಲ್ಲಿಯೇ ಇಲ್ಲದ ಭತ್ತವನ್ನು ಕಳ್ಳನು ಕದ್ದು ಮಾರಿದನೆಂದಂತಾಯಿತು. ಇನ್ನು ನಕ್ಷೆಗಳ ಮಾತು. ಎಂಜಿನಿನ ನಕ್ಷೆಯೊಂದು ಕೈಗೆ ಸಿಕ್ಕಿದ ಮಾತ್ರಕ್ಕೆ ಎಂಜಿನನ್ನು ಕಟ್ಟಲಾಗುವುದಿಲ್ಲ. ನಮ್ಮವರೇ ಫ್ರಾನ್ಸಿನಲ್ಲಿ ವರ್ಷಗಟ್ಟಲೆ ಕೈಕೆಲಸ ಮಾಡಿ ಕಲಿತುಬಂದ ಮೇಲೂ ವಿಕಾಸ್ ಎಂಜಿನು ಸಿದ್ಧವಾಗಿ ಪರೀಕ್ಷೆಯಲ್ಲಿ ಗೆದ್ದುದು 1985ರಲ್ಲಿ. ಪಾಕಪುಸ್ತಕವನ್ನು ಕದ್ದವನು ಒಡನೆಯೇ ಬಾಣಸಿಗನಾಗುವುದುಂಟೆ?

1994ರ ಡಿಸೆಂಬರಿನಲ್ಲಿ ತನಿಖೆಯು ರಾಜ್ಯದ ಪೋಲೀಸರಿಂದ ಕೇಂದ್ರ ತನಿಖಾ ದಳಕ್ಕೆ ಹೋಯಿತು. ದಳದವರು ಸುಮಾರು ಒಂದೂವರೆ ವರ್ಷ ತನಿಖೆ ಮಾಡಿ, 1996ರ ಏಪ್ರಿಲಿನಲ್ಲಿ ಎರ್ನಾಕುಲದ ನ್ಯಾಯಾಲಯಕ್ಕೆ ವರದಿಯನ್ನು ಒಪ್ಪಿಸಿದರು. ಬೇಹುಗಾರಿಕೆಯ ಆಪಾದನೆಗಳು ರುಜುವಾತಾಗಲಿಲ್ಲ, ಅವು ಸುಳ್ಳು ಎಂಬುದು ಆ ವರದಿಯ ಸಾರಾಂಶ. ನ್ಯಾಯಾಲಯವು ಮೇ 2ರಂದು ಅದನ್ನು ಅಂಗೀಕರಿಸಿ ಆಪಾದಿತರನ್ನು ಬಿಡುಗಡೆ ಮಾಡಿತು. ಆದರೆ ಕಥೆಯು ಅಲ್ಲಿಗೆ ಮುಗಿಯಲಿಲ್ಲ. ಕೇರಳ ಸರ್ಕಾರವು ತನ್ನ ಪೋಲೀಸರಿಂದ ಮರಳಿ ತನಿಖೆ ನಡೆಸುವುದಕ್ಕೆ ಹೊರಟಿತು. ಸತೀಶ್ ಧವನ್, ನಮ್ಮ ಉಡುಪಿಯ ಕಡೆಯವರಾದ ಯು. ಆರ್. ರಾವ್ ಮೊದಲಾದ ಹಿರಿಯ ವಿಜ್ಞಾನಿಗಳು ತಮ್ಮ ಸಹೋದ್ಯೋಗಿಗಳಿಗೆ ಆದ ಅನ್ಯಾಯದ ವಿಷಯದಲ್ಲಿ ಬಹಿರಂಗವಾಗಿ ದನಿಯೆತ್ತಿದರು. ಗಾಳಿಯು ಎದುರಾಗಿ ಬೀಸುತ್ತಿರುವಾಗ ಹೀಗೆ ನಿಲ್ಲುವುದು ಸುಲಭವಲ್ಲ. ಕೊನೆಗೆ 1998ರ ಏಪ್ರಿಲ್ 29ರಂದು ಸರ್ವೋಚ್ಚ ನ್ಯಾಯಾಲಯವು ಆ ಮರುತನಿಖೆಯ ಆಜ್ಞೆಯನ್ನು ರದ್ದುಪಡಿಸಿತು. ಆ ತೀರ್ಪು ನ್ಯಾಯಗ್ರಂಥಗಳಲ್ಲಿ ಇಂದಿಗೂ ಬೆಂಗಳೂರಿನ ಕೆ. ಚಂದ್ರಶೇಖರರ ಹೆಸರಿನಿಂದಲೇ ಪ್ರಸಿದ್ಧವಾಗಿದೆ.

ಕಾನೂನಿನಲ್ಲಿ ಇಂತಹ ತಪ್ಪಿಗೆ ತಡೆಗಳೇ ಇಲ್ಲವೆ ಎಂದು ವಿದ್ಯಾರ್ಥಿಗಳು ಕೇಳಬಹುದು. ತಡೆಗಳುಂಟು. ನಮ್ಮ ಸಂವಿಧಾನದ 22ನೆಯ ವಿಧಿಯ ಪ್ರಕಾರ ಬಂಧಿತನಾದವನಿಗೆ ಕಾರಣವನ್ನು ತಿಳಿಸಬೇಕು. ಇಪ್ಪತ್ತುನಾಲ್ಕು ಗಂಟೆಗಳೊಳಗೆ ಅವನನ್ನು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ವಕೀಲರ ನೆರವನ್ನು ಪಡೆಯಲು ಬಿಡಬೇಕು. 20ನೆಯ ವಿಧಿಯ ಪ್ರಕಾರ ಆಪಾದಿತನನ್ನು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲಾತ್ಕರಿಸಕೂಡದು. ಪೋಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆಪಾದಿತನ ಮೇಲೆ ರುಜುವಾತಿಗೆ ತರಕೂಡದೆಂದು 1872ರ ಸಾಕ್ಷ್ಯ ಕಾಯಿದೆಯೇ ಹೇಳಿದ್ದಿತು. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದ ಹೊಸ ಕಾಯಿದೆಯಲ್ಲಿಯೂ ಆ ನಿಯಮವಿದೆ. ಪೆಟ್ಟು ತಿನ್ನುವವನು ಪೆಟ್ಟನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಏನನ್ನಾದರೂ ಹೇಳಿಯಾನು ಎಂಬ ಲೋಕಾನುಭವವೇ ಈ ನಿಯಮದ ತಳಹದಿ.

ಇದು ಪಶ್ಚಿಮದಿಂದ ಬಂದ ಹೊಸ ವಿಚಾರವೆಂದು ಯಾರೂ ತಿಳಿಯಬಾರದು. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳು ಓಲೆಗರಿಯ ಪ್ರತಿಯೊಂದರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿ ಲೋಕಕ್ಕೆ ನೀಡಿದುದು ಕನ್ನಡಿಗರಾದ ನಮಗೆಲ್ಲ ಅಭಿಮಾನದ ಸಂಗತಿ. ಗೂಢಚಾರರ ವಿಷಯವನ್ನು ಕೌಟಿಲ್ಯನಷ್ಟು ವಿಸ್ತಾರವಾಗಿ ಹೇಳಿದ ಪ್ರಾಚೀನರು ವಿರಳ. ಸನ್ಯಾಸಿ, ವ್ಯಾಪಾರಿ, ಗೃಹಸ್ಥ, ವಿದ್ಯಾರ್ಥಿ, ಭಿಕ್ಷುಕಿ ಮುಂತಾದ ನಾನಾ ವೇಷಗಳಲ್ಲಿ ರಾಜನು ಚಾರರನ್ನು ನೇಮಿಸಬೇಕೆಂದು ಅವನು ವಿಧಿಸುತ್ತಾನೆ. ಅಂತಹವನೂ ಕೂಡ ಒಬ್ಬ ಚಾರನ ಮಾತನ್ನು ನಂಬಬೇಕೆಂದು ಹೇಳಲಿಲ್ಲ. ಒಬ್ಬರನ್ನೊಬ್ಬರು ಅರಿಯದ ಮೂವರು ಚಾರರ ಮಾತು ಒಂದೇ ಆದಾಗ ಮಾತ್ರ ನಂಬಬೇಕೆಂಬುದು ಅವನ ಮತ. ಇನ್ನೊಂದೆಡೆ ಅವನು ಮಾಂಡವ್ಯನ ದೃಷ್ಟಾಂತವನ್ನು ಕೊಡುತ್ತಾನೆ. ಮಾಂಡವ್ಯನು ಕಳ್ಳನಲ್ಲ, ಆದರೂ ಚಿತ್ರಹಿಂಸೆಯ ಭಯದಿಂದ ತಾನು ಕಳ್ಳನೆಂದು ಒಪ್ಪಿಕೊಂಡನು. ಆದಕಾರಣ ಸಾಕ್ಷ್ಯವು ಪೂರ್ಣವಾದ ಮೇಲೆಯೇ ದಂಡಿಸಬೇಕೆಂದು ಕೌಟಿಲ್ಯನು ಎಚ್ಚರಿಸಿದ್ದಾನೆ. ಮಹಾಭಾರತದ ಮಾಂಡವ್ಯನಾದರೋ ಮೌನವ್ರತದಲ್ಲಿದ್ದನು. ಕಳ್ಳರು ಅವನ ಆಶ್ರಮದಲ್ಲಿ ಕದ್ದ ಮಾಲನ್ನು ಅಡಗಿಸಿಟ್ಟರು. ರಾಜಭಟರು ಕೇಳಿದಾಗ ಅವನು ಮಾತನಾಡಲಿಲ್ಲ. ಆ ಮೌನವನ್ನೇ ಅಪರಾಧವೆಂದು ಬಗೆದು ಅವನನ್ನು ಶೂಲಕ್ಕೇರಿಸಿದರು. ಒಬ್ಬ ಮಾಂಡವ್ಯನು ಮಾತನಾಡಿ ಕೆಟ್ಟನು, ಇನ್ನೊಬ್ಬನು ಮಾತನಾಡದೆ ಕೆಟ್ಟನು. ಮೊದಲೇ ತೀರ್ಮಾನಿಸಿಕೊಂಡು ಬಂದವನ ಮುಂದೆ ಮಾತು ಮೌನಗಳೆರಡೂ ನಿಷ್ಪ್ರಯೋಜಕವೇ ಸರಿ.

ಪರದೇಶಗಳ ಚರಿತ್ರೆಯಲ್ಲಿಯೂ ಇದಕ್ಕೆ ಉದಾಹರಣೆಗಳುಂಟು. ಪಿ.ಎಸ್.ಎಲ್.ವಿ.ಯ ಗೆಲುವಿನ ದಿನಕ್ಕೆ ಸರಿಯಾಗಿ ನೂರು ವರ್ಷ ಹಿಂದೆ, 1894ರ ಅಕ್ಟೋಬರ್ 15ರಂದು, ಫ್ರಾನ್ಸಿನಲ್ಲಿ ಆಲ್ಫ್ರೆಡ್ ಡ್ರೇಫಸ್ ಎಂಬ ಸೈನ್ಯಾಧಿಕಾರಿಯನ್ನು ಬಂಧಿಸಿದರು. ಜರ್ಮನಿಗೆ ಗುಟ್ಟುಗಳನ್ನು ಮಾರಿದನೆಂಬುದು ಆಪಾದನೆ. ಒಂದು ಕಾಗದದ ಕೈಬರಹವು ಅವನದನ್ನು ಹೋಲುತ್ತದೆಂಬುದು ಆಧಾರ. ಅವನು ಯೆಹೂದ್ಯನಾಗಿದ್ದುದರಿಂದ ಜನರಿಗೆ ಆ ಆಧಾರವೇ ಸಾಕಾಯಿತು. ಅವನನ್ನು ದೂರದ ದ್ವೀಪವೊಂದರಲ್ಲಿ ಸೆರೆಯಿಟ್ಟರು. ಆ ಕಾಗದವನ್ನು ಬರೆದವನು ಎಸ್ತರ್‌ಹಾಜಿ ಎಂಬ ಬೇರೊಬ್ಬ ಅಧಿಕಾರಿಯೆಂದು ಅನಂತರ ತಿಳಿದುಬಂದರೂ ಡ್ರೇಫಸನ ಕಳಂಕವು ಪೂರ್ಣವಾಗಿ ತೊಳೆದುಹೋದುದು 1906ರಲ್ಲಿ. ಎರಡನೆಯ ಉದಾಹರಣೆ ರಾಕೆಟ್ ವಿಜ್ಞಾನಿಯದೇ. ಚೀನಾದಲ್ಲಿ ಹುಟ್ಟಿದ ಚಿಯೆನ್ ಶ್ಯೂಸೆನ್ ಅವರು ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ದೊಡ್ಡ ವಿದ್ವಾಂಸರಾಗಿದ್ದರು. 1950ರಲ್ಲಿ ಅವರು ಕಮ್ಯೂನಿಸ್ಟರೆಂಬ ಶಂಕೆ ಹುಟ್ಟಿತು. ಅವರ ಪೆಟ್ಟಿಗೆಗಳನ್ನು ಮುಟ್ಟುಗೋಲು ಹಾಕಿದರು. ಗುಪ್ತಸಂಕೇತಗಳೆಂದು ಭಾವಿಸಿದ ಅಂಕಿಗಳ ಹಾಳೆಗಳು ನೋಡಿದರೆ ಲಾಗರಿತಮ್ ಕೋಷ್ಟಕಗಳು! ಐದು ವರ್ಷ ಕಾವಲಿನಲ್ಲಿಟ್ಟು 1955ರಲ್ಲಿ ಅವರನ್ನು ಚೀನಾಕ್ಕೆ ಕಳುಹಿಸಿದರು. ಆ ದೇಶದ ಕ್ಷಿಪಣಿ ಕಾರ್ಯವನ್ನು ಕಟ್ಟಿ ನಿಲ್ಲಿಸಿದವರು ಅವರೇ. ಆಧಾರವಿಲ್ಲದ ಸಂಶಯದಿಂದ ಅಮೆರಿಕವು ತನ್ನ ವಿದ್ವಾಂಸನನ್ನು ತಾನೇ ಕಳೆದುಕೊಂಡಿತು.

ನಮ್ಮ ಪ್ರಕರಣಕ್ಕೆ ಹಿಂದಿರುಗೋಣ. ಬಿಡುಗಡೆಯಾದ ಮೇಲೆ ನಾರಾಯಣನ್ ಅವರು ಉದ್ಯೋಗಕ್ಕೆ ಮರಳಿದರೂ ಮೊದಲಿನ ಹೊಣೆಯ ಕಾರ್ಯವು ಅವರಿಗೆ ಮತ್ತೆ ದೊರೆಯಲಿಲ್ಲ. 2001ರಲ್ಲಿ ನಿವೃತ್ತರಾದರು. ಅದೇ ವರ್ಷ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಅವರಿಗೆ 10 ಲಕ್ಷ ರೂಪಾಯಿ ಮಧ್ಯಂತರ ಪರಿಹಾರವನ್ನು ಕೊಡಬೇಕೆಂದು ಹೇಳಿತು. ಅದಕ್ಕಾಗಿಯೂ ಅವರು ನ್ಯಾಯಾಲಯದ ಮೆಟ್ಟಲುಗಳನ್ನು ವರ್ಷಗಟ್ಟಲೆ ಹತ್ತಬೇಕಾಯಿತು. ಅವರ ಹೋರಾಟವು ಹಣಕ್ಕಾಗಿ ಮಾತ್ರವಲ್ಲ. ಈ ಕಥೆಯನ್ನು ಕಟ್ಟಿದವರಾರು, ಏತಕ್ಕೆ ಕಟ್ಟಿದರು ಎಂಬುದು ತಿಳಿಯಬೇಕೆಂಬುದು ಅವರ ಪ್ರಾರ್ಥನೆಯಾಗಿತ್ತು. 2018ರ ಸೆಪ್ಟೆಂಬರ್ 14ರಂದು ಸರ್ವೋಚ್ಚ ನ್ಯಾಯಾಲಯವು ಅವರ ಬಂಧನವು ಅನಾವಶ್ಯಕವಾಗಿದ್ದಿತೆಂದೂ ಅವರು ಕಿರುಕುಳಕ್ಕೆ ಗುರಿಯಾದರೆಂದೂ ತೀರ್ಮಾನಿಸಿ, 50 ಲಕ್ಷ ರೂಪಾಯಿ ಪರಿಹಾರವನ್ನು ವಿಧಿಸಿತು. ತಪ್ಪಿತಸ್ಥ ಅಧಿಕಾರಿಗಳ ವಿಷಯವನ್ನು ಪರಿಶೀಲಿಸಲು ನ್ಯಾಯಮೂರ್ತಿ ಡಿ. ಕೆ. ಜೈನ್ ಅವರ ಸಮಿತಿಯನ್ನು ನೇಮಿಸಿತು. 2019ರಲ್ಲಿ ಭಾರತ ಸರ್ಕಾರವು ಅವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತಿತು. 2020ರಲ್ಲಿ ಕೇರಳ ಸರ್ಕಾರವು 1 ಕೋಟಿ 30 ಲಕ್ಷ ರೂಪಾಯಿಗಳನ್ನು ಕೊಟ್ಟಿತು. ಐವತ್ತಮೂರನೆಯ ವಯಸ್ಸಿನ ಹೊಸ್ತಿಲಲ್ಲಿ ಕಳೆದುಹೋದ ಮಾನವು ಎಪ್ಪತ್ತಾರರಲ್ಲಿ ಹಿಂದಿರುಗಿತು.

ಆದರೆ ಎಲ್ಲರಿಗೂ ಅಷ್ಟು ಭಾಗ್ಯವೂ ಇರಲಿಲ್ಲ. ಸರ್ವೋಚ್ಚ ನ್ಯಾಯಾಲಯದ ತೀರ್ಪು ಹೊರಬಿದ್ದ ಹೊತ್ತಿಗೆ ಕೆ. ಚಂದ್ರಶೇಖರ್ ಅವರು ಬೆಂಗಳೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪಿ ಮಲಗಿದ್ದರು. ಎರಡು ದಿನಗಳ ಮೇಲೆ ತೀರಿಕೊಂಡರು. ತಾವು ಬಹುಕಾಲ ಕಾದಿದ್ದ ಮಾತು ಅವರ ಕಿವಿಗೆ ಬೀಳಲೇ ಇಲ್ಲ. ಅದೇ ವರ್ಷ ಎಸ್. ಕೆ. ಶರ್ಮ ಅವರೂ ಅದೇ ನಗರದಲ್ಲಿ ಕಾಲವಾದರು. ಮಾಲ್ಡೀವಿನ ಮಹಿಳೆಯರು ಪರದೇಶದ ಸೆರೆಮನೆಯಲ್ಲಿ ವರ್ಷಗಟ್ಟಲೆ ಕಳೆದು ತಮ್ಮ ನಾಡಿಗೆ ಹಿಂದಿರುಗಿದ್ದರು. ನಾರಾಯಣನ್ ಅವರ ಹೆಸರನ್ನು ಬಲ್ಲವರು ಅನೇಕರು. ಉಳಿದವರ ಹೆಸರನ್ನು ಬಲ್ಲವರು ಕೆಲವರು. ಕಳಂಕವಾದರೋ ಎಲ್ಲರಿಗೂ ಒಂದೇ ಸಮನಾಗಿ ಹಂಚಿಹೋಗಿತ್ತು.

ಕ್ರಯೋಜೆನಿಕ್ ಎಂಜಿನಿನ ಗತಿಯೇನಾಯಿತು? ನಮ್ಮ ದೇಶದಲ್ಲಿಯೇ ಕಟ್ಟಿದ ಆ ಎಂಜಿನನ್ನು ಹೊತ್ತ ರಾಕೆಟ್ಟು 2010ರಲ್ಲಿ ಮೊದಲು ಹಾರಿ ವಿಫಲವಾಯಿತು. 2014ರ ಜನವರಿ 5ರಂದು ಶ್ರೀಹರಿಕೋಟೆಯಿಂದ ಹಾರಿ ಯಶಸ್ವಿಯಾಯಿತು. ಈ ಇಪ್ಪತ್ತು ವರ್ಷಗಳ ತಡಕ್ಕೆ 1994ರ ಪ್ರಕರಣವೊಂದೇ ಕಾರಣವೆಂದು ಹೇಳುವುದು ಸರಿಯಲ್ಲ. ವಿದ್ಯೆಯೇ ಕಠಿಣವಾದುದು, ಪರರಾಷ್ಟ್ರಗಳ ಅಡ್ಡಿಯೂ ಇದ್ದಿತು. ಆದರೆ ಕಾರ್ಯದ ಮುಂದಾಳುವನ್ನೇ ಆ ಕಾರ್ಯದಿಂದ ಎಬ್ಬಿಸಿಕೊಂಡು ಹೋದುದರಿಂದ ದೇಶಕ್ಕೆ ಲಾಭವಾಯಿತೆಂದು ಮಾತ್ರ ಯಾರೂ ಹೇಳಲಾರರು.

ಇನ್ನೊಂದು ಮಾತನ್ನು ಹೇಳದೆ ಈ ಲೇಖನವನ್ನು ಮುಗಿಸುವುದು ನ್ಯಾಯವಾಗದು. ಭಾರತದ ರಾಕೆಟ್ ಕಾರ್ಯವನ್ನು ಕುಂಠಿತಗೊಳಿಸಲು ವಿದೇಶದವರೇ ಈ ಸಂಚನ್ನು ಹೂಡಿದರೆಂದು ಅನೇಕರು ನಂಬಿದ್ದಾರೆ; ನಾರಾಯಣನ್ ಅವರೂ ಅಂತಹ ಅನುಮಾನವನ್ನು ವ್ಯಕ್ತಪಡಿಸಿದ್ದಾರೆ. 2021ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ವಿಷಯದ ತನಿಖೆಯನ್ನು ಕೇಂದ್ರ ತನಿಖಾ ದಳಕ್ಕೆ ಒಪ್ಪಿಸಿತು. 2024ರಲ್ಲಿ ದಳವು ಐದು ಮಂದಿ ಮಾಜಿ ಅಧಿಕಾರಿಗಳ ಮೇಲೆ ಆಪಾದನಾಪತ್ರವನ್ನು ಸಲ್ಲಿಸಿತು. ಇಲ್ಲಿಯೇ ನಮ್ಮ ನಿಜವಾದ ಪರೀಕ್ಷೆ. ವಿದೇಶದ ಸಂಚೆಂಬುದು ರುಜುವಾತಾಗುವವರೆಗೆ ಅದೂ ಒಂದು ಸಂಶಯವೇ. ಆ ಅಧಿಕಾರಿಗಳೂ ನ್ಯಾಯಾಲಯವು ತೀರ್ಮಾನಿಸುವವರೆಗೆ ಆಪಾದಿತರು ಮಾತ್ರ, ಅಪರಾಧಿಗಳಲ್ಲ. ನಾರಾಯಣನ್ ಅವರಿಗೆ ಅಂದು ದೊರೆಯದೆ ಹೋದ ನ್ಯಾಯವನ್ನು ನಾವು ಅವರ ಎದುರಾಳಿಗಳಿಗೂ ಸಲ್ಲಿಸಬೇಕು. ನಮಗೆ ಪ್ರಿಯರಾದವರಿಗೊಂದು ತಕ್ಕಡಿ, ಅಪ್ರಿಯರಾದವರಿಗೊಂದು ತಕ್ಕಡಿ ಎಂದಾದರೆ, 1994ರಲ್ಲಿ ಬೀದಿಯಲ್ಲಿ ನಿಂತು ಕೂಗಿದವರಿಗೂ ನಮಗೂ ಭೇದವೇನು?

ವಿದ್ಯಾರ್ಥಿಮಿತ್ರರೆ, ಇಂತಹ ಪ್ರಶ್ನೆಗಳು ದೊಡ್ಡವರ ನ್ಯಾಯಾಲಯಗಳಲ್ಲಿ ಮಾತ್ರ ಹುಟ್ಟುತ್ತವೆಂದು ತಿಳಿಯಬೇಡಿರಿ. ತರಗತಿಯಲ್ಲಿ ಒಬ್ಬರ ಪೆನ್ನು ಕಾಣೆಯಾದಾಗ ಎಲ್ಲರ ಕಣ್ಣುಗಳೂ ಯಾವ ಹುಡುಗನ ಕಡೆಗೆ ತಿರುಗುತ್ತವೆ? ಹೊಸದಾಗಿ ಬಂದವನ ಕಡೆಗೆ, ಬಡವನ ಕಡೆಗೆ, ಬೇರೆ ಭಾಷೆಯನ್ನಾಡುವವನ ಕಡೆಗೆ, ಹೆಚ್ಚು ಮಾತನಾಡದವನ ಕಡೆಗೆ. ಆ ಪೆನ್ನು ಮರುದಿನ ಬೆಂಚಿನ ಸಂದಿಯಲ್ಲಿ ಸಿಕ್ಕುತ್ತದೆ. ಪೆನ್ನು ಒಡೆಯನ ಜೇಬನ್ನು ಸೇರುತ್ತದೆ; ಹಿಂದಿನ ದಿನ ‘ಕಳ್ಳ’ ಎನಿಸಿಕೊಂಡವನ ಮಾನವು ಯಾವ ಜೇಬನ್ನು ಸೇರಬೇಕು? ಅಂತಹ ಸಮಯದಲ್ಲಿ ನಿಮ್ಮಲ್ಲೊಬ್ಬರು ಎದ್ದು ನಿಂತು, “ಅವನು ತೆಗೆದುಕೊಂಡುದನ್ನು ಕಂಡವರಾರು?” ಎಂದು ಕೇಳಿದರೆ ಸಾಕು. ಆ ಒಂದು ಪ್ರಶ್ನೆಯನ್ನು ಸಕಾಲದಲ್ಲಿ ಕೇಳುವವರು ಸಾಕಷ್ಟು ಮಂದಿ ಇಲ್ಲದಿದ್ದುದರಿಂದಲೇ ಒಬ್ಬ ವಿಜ್ಞಾನಿಯ ಇಪ್ಪತ್ತನಾಲ್ಕು ವರ್ಷಗಳು ನ್ಯಾಯಾಲಯಗಳ ಪಾಲಾದವು.